ಶಾಲಾ ಮಾನಸಿಕ ಆರೋಗ್ಯ ಸೇವೆ (ಕಲಬುರಗಿ ಗಡಿಭಾಗ)

ಹದಿಹರೆಯದ ವಿದ್ಯಾರ್ಥಿಗಳ ಆತಂಕ, ಖಿನ್ನತೆ, ಪರೀಕ್ಷಾ ಭಯ ಮೊದಲಾದವನ್ನು ಶಾಲೆಯಲ್ಲೇ ಗುರುತಿಸಿ, ಆಪ್ತಸಮಾಲೋಚನೆ ನೀಡಿ, ಅಗತ್ಯವಿದ್ದವರನ್ನು ಮನೋವೈದ್ಯರ ಬಳಿಗೆ ಕಳುಹಿಸುವ ವ್ಯವಸ್ಥೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆ. ಭಾರತದ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಇಂಥ ತೊಂದರೆಯಿರುವುದನ್ನು ಕಂಡಿತು.

ಹಿನ್ನೆಲೆ: ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರಕ್ಕೂ ಚಿಂಚೋಳಿ, ಸೇಡಂ ತಾಲ್ಲೂಕುಗಳು ತೆಲಂಗಾಣಕ್ಕೂ ಹೊಂದಿಕೊಂಡಿವೆ. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಇಲ್ಲಿನ ಮನೆಮಾತುಗಳು. ತೊಗರಿ ಇಲ್ಲಿನ ಮುಖ್ಯ ಮಳೆಯಾಶ್ರಿತ ಬೆಳೆ. ದುಡಿಮೆಯಿಲ್ಲದ ತಿಂಗಳುಗಳಲ್ಲಿ ಚಿಂಚೋಳಿ, ಕಮಲಾಪುರ ಭಾಗದ ತಾಂಡಾಗಳಿಂದ ಅನೇಕ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜ-ಅಜ್ಜಿಯರ ಬಳಿಯೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ತಾಯಿ-ತಂದೆಯೊಂದಿಗೆ ಹೊರಡುತ್ತಾರೆ. ಬಾಲ್ಯವಿವಾಹದ ಒತ್ತಡ ಹೆಣ್ಣುಮಕ್ಕಳಿಗೆ ಹೆಚ್ಚು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅನುತ್ತೀರ್ಣರಾದವರ ಸಂಕಟವೂ ಇಲ್ಲಿ ಶಾಲೆಯ ಹೊಣೆಯೇ.

ಯೋಜನೆಗಳು: ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿಸುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಕರ್ನಾಟಕದ ‘ಮನೋಚೈತನ್ಯ’ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆಯನ್ನು ಒದಗಿಸಲು ರೂಪುಗೊಂಡಿತು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’ಗಳು ಬಂದವು. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ನೀಡಿ, ಭಾವನಾತ್ಮಕ ಆರೋಗ್ಯವೂ ಸೇರಿದಂತೆ 11 ವಿಷಯಗಳನ್ನು ತರಗತಿಗೆ ತರುವ ಗುರಿ ಹೊಂದಿದೆ.

ಪರಿಣಾಮ: ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹೆರ್’ ಅಧ್ಯಯನ ಈ ಭಾಗಕ್ಕೆ ಮುಖ್ಯ ಪಾಠ ಕಲಿಸುತ್ತದೆ. ತರಬೇತಿ ಪಡೆದ ಪ್ರತ್ಯೇಕ ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಇದೇ ಕೆಲಸವನ್ನು ಪಾಠದ ಹೊರೆಯಿರುವ ಶಿಕ್ಷಕರಿಗೆ ವಹಿಸಿದಾಗ ಅಂಥ ಫಲ ಸಿಗಲಿಲ್ಲ.

ಗಡಿಭಾಗದಲ್ಲಿ ಸಮಾಲೋಚಕರಿಗೆ ಮಗುವಿನ ಮನೆಮಾತೂ ತಿಳಿದಿರಬೇಕು. ಪಠ್ಯದ ಭಾಷೆಯಲ್ಲಿ ಪ್ರಶ್ನೆಗೆ ಉತ್ತರಿಸುವ ಮಗು ದುಃಖವನ್ನು ತಾಯಿ ಮಾತಿನಲ್ಲೇ ಹೇಳಿಕೊಳ್ಳುತ್ತದೆ. ಗುಳೆ ಹೋದ ಮಗು ಮತ್ತೊಂದು ರಾಜ್ಯದ ಶಾಲೆ ಸೇರಿದಾಗ ಆರೈಕೆ ಕಡಿದುಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ನೆರವು: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ, ಸಂಕಷ್ಟದಲ್ಲಿರುವ ಮಕ್ಕಳ ಸಹಾಯವಾಣಿ 1098.