ಮಂದಣ್ಣನಿಗೆ ಪದವಿ ಕೊಟ್ಟವರು

ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಎಂದೊಡನೆ ರಾಜಶೇಖರ ಭೂಸನೂರಮಠರ ಹೆಸರು ನೆನಪಾಗುತ್ತದೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರನ್ನು ಆ ಸಾಲಿಗೆ ಸೇರಿಸಲು ಹಿಂಜರಿಯುವವರುಂಟು. ‘ಕರ್ವಾಲೊ’ದಲ್ಲಿ ರಾಕೆಟ್ಟಿಲ್ಲ, ಅನ್ಯಗ್ರಹದವರಿಲ್ಲ, ಇರುವುದು ಒಂದು ಓತಿ. ಆದರೂ ವಿಜ್ಞಾನ ಯಾರದು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ಸಿಕ್ಕಿಲ್ಲ.

1938ರಲ್ಲಿ ಹುಟ್ಟಿದ ತೇಜಸ್ವಿ ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ, ಅಧ್ಯಾಪಕರಾಗದೆ ಮೂಡಿಗೆರೆಯಲ್ಲಿ ಕೃಷಿಕರಾದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿಯನ್ನು ಬಿಟ್ಟುಕೊಟ್ಟರು. ತಮ್ಮೊಳಗನ್ನೇ ಕೆದಕುತ್ತಿದ್ದ ಸಾಹಿತ್ಯದಿಂದ ಹೊರಬಂದವರ ಕಣ್ಣು ಕಾಡು, ಕೀಟ, ಹಕ್ಕಿಗಳತ್ತ ತಿರುಗಿತು. 1980ರಲ್ಲಿ ‘ಕರ್ವಾಲೊ’ ಬಂತು.

ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇರುವ ಜೀವಿ. ಕಾದಂಬರಿಯಲ್ಲಿ ಅದರ ಸುಳಿವು ಹಿಡಿದವನು ಮಂದಣ್ಣ. ಊರಿನ ಕಣ್ಣಿಗೆ ಅವನು ಜೇನು ಹಿಡಿಯುವ, ಕಳ್ಳಭಟ್ಟಿ ಮೊಕದ್ದಮೆಯಲ್ಲಿ ಸಿಕ್ಕಿಬೀಳುವ ಅಬ್ಬೇಪಾರಿ. ವಿಜ್ಞಾನಿ ಕರ್ವಾಲೊ ಮಾತ್ರ ಅವನನ್ನು ಸಹೋದ್ಯೋಗಿಯಂತೆ ಕಾಣುತ್ತಾರೆ. ಕೊನೆಗೆ ಓತಿ ಎಲ್ಲರ ಕಣ್ಣೆದುರೇ ಪ್ರಪಾತದತ್ತ ತೇಲಿ ಹೋಗುತ್ತದೆ. ಕೈಗೆ ಸಿಗದಿದ್ದರೂ ಯಾರೂ ಸೋತಂತೆ ಅನಿಸುವುದಿಲ್ಲ. ತಿಳಿಯುವುದು ಬೇರೆ, ವಶಪಡಿಸಿಕೊಳ್ಳುವುದು ಬೇರೆ.

1985ರ ‘ಚಿದಂಬರ ರಹಸ್ಯ’ ಇದರ ಕಪ್ಪು ಮಗ್ಗುಲು. ಅಲ್ಲಿಯೂ ಸಂಶೋಧನೆಯಿದೆ, ಏಲಕ್ಕಿಯ ಬಗ್ಗೆ. ಆದರೆ ವಿಜ್ಞಾನಿ ನಿಗೂಢವಾಗಿ ಸತ್ತಿದ್ದಾನೆ. ಊರಲ್ಲಿ ವದಂತಿ, ಜಾತಿ, ದುರಾಸೆಗಳದ್ದೇ ಆಳ್ವಿಕೆ. ಕಣ್ಣು ಬಿಟ್ಟು ನೋಡುವವರಿಲ್ಲದ ಊರು ಕೊನೆಗೆ ಬೆಂಕಿಗೆ ಸಿಗುತ್ತದೆ. 1987ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಮ್ಮ ಕಮಲನಗರದಲ್ಲಿ ಮಲೆನಾಡಿಲ್ಲ, ಹಾರುವ ಓತಿಯೂ ಇಲ್ಲ. ಮಹಾರಾಷ್ಟ್ರದ ಗಡಿಗಂಟಿದ ಕಪ್ಪು ನೆಲ, ತೊಗರಿ, ಸೋಯಾ. ಅಪ್ಪ ತೊಗರಿಯ ನಡುವೆ ಅಲ್ಲೊಂದು ಇಲ್ಲೊಂದು ಜೋಳದ ಕಾಳು ಉದುರಿಸುತ್ತಿದ್ದರು. ಬೀಜ ಹಾಳು ಎಂದು ಕಾಲೇಜು ಓದುತ್ತಿದ್ದ ನಾನು ನಕ್ಕಿದ್ದೆ. ಜೋಳದ ತೆನೆಯ ಮೇಲೆ ಕೂರಲು ಬಂದ ಹಕ್ಕಿಗಳು ತೊಗರಿಯ ಕಾಯಿಕೊರಕ ಹುಳುವನ್ನು ಹೆಕ್ಕಿ ತಿನ್ನುತ್ತವೆ ಎಂದು ಮುಂದೆ ಒಂದು ಕೃಷಿ ಕೈಪಿಡಿಯಲ್ಲಿ ಓದಿದೆ. ಕೈಪಿಡಿಯಲ್ಲಿ ಅದಕ್ಕೊಂದು ಹೆಸರಿತ್ತು. ಅಪ್ಪನ ಬಳಿ ಹೆಸರಿರಲಿಲ್ಲ, ಅಷ್ಟೆ.

2007ರಲ್ಲಿ ತೇಜಸ್ವಿ ತೀರಿಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ಈಗ ಪಿಎಚ್.ಡಿ.ಗಾಗಿ ಹಳ್ಳಿಗಳಿಗೆ ಹೋಗಿ ‘ಮಾಹಿತಿದಾರರು’ ಎಂಬ ಶೀರ್ಷಿಕೆಯಡಿ ಹೆಸರು ಬರೆದುಕೊಳ್ಳುವಾಗೆಲ್ಲ ಕೈ ತಡೆಯುತ್ತದೆ. ಅವರಲ್ಲಿ ಎಷ್ಟು ಜನ ಮಂದಣ್ಣರೋ! ಅವರ ತಿಳಿವಳಿಕೆ ನನ್ನ ಪ್ರಬಂಧದಲ್ಲಿ ನನ್ನ ಹೆಸರಿನಲ್ಲಿ ಅಚ್ಚಾಗುತ್ತದೆ. ಕರ್ವಾಲೊ ಆಗಿದ್ದರೆ ಆ ಪಟ್ಟಿಗೆ ಬೇರೆ ಶೀರ್ಷಿಕೆ ಕೊಡುತ್ತಿದ್ದರು.