ಪದ ಪರಿಚಯ: ಓಜ

ಶಾಸನಗಳಲ್ಲಿ ಶಿಲ್ಪಿಗಳ ಹೆಸರಿನ ಕೊನೆಗೆ ಬರುವ ‘ಓಜ’ ಹುಟ್ಟಿದ್ದು ಪಾಠಶಾಲೆಯಲ್ಲಿ. ಸಂಸ್ಕೃತದ ‘ಉಪಾಧ್ಯಾಯ’ ಪ್ರಾಕೃತದಲ್ಲಿ ‘ಉವಜ್ಝಾಯ’, ‘ಓಜ್ಝಾ’ ಎಂದು ಸವೆದು ಕನ್ನಡಕ್ಕೆ ‘ಓಜ’ ಆಗಿ ಬಂತು; ಅರ್ಥ ಗುರು. ಉತ್ತರದವರ ‘ಓಝಾ’ ಇದರ ದಾಯಾದಿ. ಕಾಲ ಸರಿದಂತೆ ಕಲ್ಲು, ಮರ, ಲೋಹದ ಕೆಲಸ ಬಲ್ಲವರೂ ಓಜರಾದರು. ಕಟ್ಟುವವನಿಗೆ ಕಲಿಸುವವನ ಹೆಸರನ್ನೇ ಕೊಟ್ಟ ಹಿರಿಯರ ವಿವೇಕ ದೊಡ್ಡದು.

ನ್ಯಾಮತಿ, ಹೊನ್ನಾಳಿಗಳ ಪಶ್ಚಿಮಕ್ಕೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ ಮದನಿಕೆಗಳನ್ನು ಕಡೆದವನು. ಮಗ ಚಾವಣನೂ ಅಲ್ಲೇ ಉಳಿ ಹಿಡಿದ. ವಿದ್ಯೆ ಹೀಗೆ ಮನೆಯೊಳಗೇ ಸಾಗುತ್ತಿತ್ತು.

ಇಂದು ಐದು ವರ್ಷದ ಬಿ.ಆರ್ಕ್ ಓದಿ, 1972ರ ಕಾಯ್ದೆಯಂತೆ ನೋಂದಾಯಿಸಿಕೊಂಡವರಷ್ಟೇ ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಆ ಓದಿಗೆ ಹೊರಟ ಮಕ್ಕಳೇ, ಮೊದಲು ಟೇಪು, ಪೆನ್ಸಿಲ್ಲು ಹಿಡಿದು ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೆ ಹೋಗಿ. 16ನೇ ಶತಮಾನದಲ್ಲಿ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲುಗಳನ್ನೂ ನೀರಿನ ನಡುವಿನ ವಸಂತಮಂಟಪವನ್ನೂ ಕಣ್ಣಳತೆಯಲ್ಲಿ ಬರೆಯಿರಿ; ಆಮೇಲೆ ಟೇಪು ಹಿಡಿದು ತಿದ್ದಿಕೊಳ್ಳಿ.