ಒಂದಾಣೆಯ ಉಪಾಹಾರ

ರಾಜ್ಯೋತ್ಸವದ ಸಂಚಿಕೆ ಎಂದೊಡನೆ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ನೆನಪಾಗುವುದು ಸಹಜ. ಅವರ ಕೀರ್ತಿಯನ್ನು ಬಣ್ಣಿಸುವವರು ಬಹುಮಂದಿ ಇದ್ದಾರೆ. ಈ ಸಲ ನಾವು ಅರಸರ ಚರಿತ್ರೆಯನ್ನು ಕೊಂಚ ಬದಿಗಿರಿಸಿ ಅನ್ನದ ಚರಿತ್ರೆಯನ್ನು ನೋಡೋಣ. ಬಡವರ ಮಗು ಶಾಲೆಗೆ ಬಂದು ನೆಲೆಯಾಗಿ ಕುಳಿತುಕೊಳ್ಳಲೆಂದು ಯಾರು ಯಾರು ಏನೇನು ಮಾಡಿದರು? ಈ ಕಥೆಯ ಒಂದು ಅಧ್ಯಾಯ ನಾವು ಬಾಳುತ್ತಿರುವ ತ್ರಿಪ್ಲಿಕೇನಿನ ನೆರೆಯಲ್ಲೇ ನಡೆದಿದೆ. ಇನ್ನೊಂದು ನಮ್ಮ ಕನ್ನಡ ಕರಾವಳಿಯಲ್ಲಿ ನಡೆದಿದೆ.

ನಮ್ಮ ಹಿರಿಯರಿಗೆ ವಾರಾನ್ನವೆಂಬುದು ಚೆನ್ನಾಗಿ ತಿಳಿದಿದ್ದ ಮಾತು. ಹಳ್ಳಿಯಿಂದ ಪೇಟೆಗೆ ಓದಲು ಬಂದ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ವಿದ್ಯೆ ಮುಗಿಸುತ್ತಿದ್ದ. ಯಾವ ಮನೆಗೂ ಇದು ಹೊರೆಯಾಗುತ್ತಿರಲಿಲ್ಲ. ಹುಡುಗನ ಹೊಟ್ಟೆ ಮಾತ್ರ ತುಂಬುತ್ತಿತ್ತು. ಆಮೇಲೆ ಮಠಗಳೂ ಜನಾಂಗ ಸಂಘಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು ಇಂದು ನಾಡಿನ ಮೂಲೆ ಮೂಲೆಯಲ್ಲಿದ್ದಾರೆ. ಆದರೆ ವಾರಾನ್ನಕ್ಕೆ ಒಂದು ಮಿತಿಯಿತ್ತೆಂಬುದನ್ನು ಮರೆಯಬಾರದು. ಆ ಏಳು ಮನೆಗಳೂ ಬಹುಮಟ್ಟಿಗೆ ಹುಡುಗನ ಜಾತಿಯವೇ. ಯಾವ ಮನೆಯ ಜಗಲಿಯನ್ನೂ ಏರಲು ಅಪ್ಪಣೆಯಿಲ್ಲದ ಮಗುವಿಗೆ ವಾರಾನ್ನವೂ ಇರಲಿಲ್ಲ, ಶಾಲೆಯೂ ಇರಲಿಲ್ಲ.

ಆ ಮಿತಿಯನ್ನು ದಾಟಿದವರಲ್ಲಿ ಮೊದಲಿಗರೆಂದರೆ ಕುದ್ಮುಲ್ ರಂಗರಾಯರು. 1859ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲಿ ನಡೆಸಿದವರು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಆದರೂ ಅವರು ಹಿಂದೆಗೆಯಲಿಲ್ಲ. ಅಕ್ಷರವೊಂದನ್ನೇ ಕಲಿಸಿದರೆ ಸಾಲದೆಂದು ಬಗೆದು ಮಕ್ಕಳಿಗೆ ಕೈಕಸುಬನ್ನೂ, ಅವರ ತಂದೆತಾಯಿಗಳಿಗೆ ನೆಲೆನಿಲ್ಲಲು ಜಾಗವನ್ನೂ ಒದಗಿಸಲು ದುಡಿದರು. ಈ ಮಕ್ಕಳಲ್ಲಿ ಒಬ್ಬನಾದರೂ ಓದಿ ದೊಡ್ಡ ಉದ್ಯೋಗ ಹಿಡಿದು ಮೋಟಾರಿನಲ್ಲಿ ಹೋಗಬೇಕು, ಆ ಗಾಡಿಯ ಚಕ್ರ ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಹಂಬಲವಾಗಿತ್ತು. 1928ರಲ್ಲಿ ಅವರು ಕಾಲವಾದರು.

ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಊರು. ರಾಯರ ಮಗಳು ರಾಧಾಬಾಯಿ ಓದಿದ್ದು ತ್ರಿಪ್ಲಿಕೇನಿಗೆ ಅಂಟಿಕೊಂಡಿರುವ ಚೇಪಾಕಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅವರ ಪತಿ ಡಾಕ್ಟರ್ ಪಿ. ಸುಬ್ಬರಾಯನ್ 1926ರಿಂದ 1930ರವರೆಗೆ ಈ ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ಹೀಗೆ ನಮ್ಮ ಕರಾವಳಿಗೂ ಈ ನಗರಕ್ಕೂ ನಂಟು ಹಳೆಯದು.

ಇನ್ನು ಈ ನಗರದ ಅಧ್ಯಾಯಕ್ಕೆ ಬರೋಣ. ತ್ರಿಪ್ಲಿಕೇನಿನಿಂದ ಒಂದೆರಡು ಮೈಲಿ ನಡೆದರೆ ಸಿಗುವ ಥೌಸಂಡ್ ಲೈಟ್ಸಿನಲ್ಲಿ ಕಾರ್ಪೊರೇಷನ್ನಿನ ಶಾಲೆಯೊಂದಿತ್ತು. ಮಕ್ಕಳು ಕಡುಬಡವರು, ಅದರಿಂದಾಗಿ ಶಾಲೆಗೆ ಬರುವವರ ಸಂಖ್ಯೆ ಕುಗ್ಗುತ್ತಿತ್ತು. 1920ರ ಸೆಪ್ಟೆಂಬರಿನಲ್ಲಿ, ಸರ್ ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಆ ಮಕ್ಕಳಿಗೆ ದಿನವೂ ಉಪಾಹಾರ ಕೊಡಬೇಕೆಂದೂ ಖರ್ಚು ತಲೆಗೆ ಒಂದಾಣೆಯನ್ನು ಮೀರಬಾರದೆಂದೂ ಕಾರ್ಪೊರೇಷನ್ ಗೊತ್ತುವಳಿ ಮಾಡಿತು. ಬ್ಯಾಂಕಿನ ಗುಮಾಸ್ತರಾದ ನಮಗೆ ಲೆಕ್ಕ ಹಾಕದೆ ಮುಂದೆ ಹೋಗಲು ಮನಸ್ಸಾಗದು. ನೂರು ಮಕ್ಕಳಿಗೆ ದಿನಕ್ಕೆ ಆರೂಕಾಲು ರೂಪಾಯಿ. ವರ್ಷಕ್ಕೆ ಇನ್ನೂರು ದಿನ ಶಾಲೆಯೆಂದು ಹಿಡಿದರೆ ಒಂದು ಮಗುವಿಗೆ ಹನ್ನೆರಡೂವರೆ ರೂಪಾಯಿ. ಈ ಖರ್ಚಿನ ಫಲವೇನು? ಯೋಜನೆಯನ್ನು ಇನ್ನೂ ನಾಲ್ಕು ಶಾಲೆಗಳಿಗೆ ವಿಸ್ತರಿಸಿದ ಮೇಲೆ, ಆ ಐದು ಶಾಲೆಗಳಲ್ಲಿ 1922-23ರಲ್ಲಿ 811 ಇದ್ದ ಮಕ್ಕಳ ಸಂಖ್ಯೆ 1924-25ರಲ್ಲಿ 1,671ಕ್ಕೆ ಏರಿತು. ಎರಡು ವರ್ಷದಲ್ಲಿ ಇಮ್ಮಡಿಗೂ ಹೆಚ್ಚು!

ಆದರೂ 1925ರ ಏಪ್ರಿಲಿನಲ್ಲಿ ಈ ಕಾರ್ಯಕ್ಕೆ ತಡೆ ಬಿತ್ತು. ಪ್ರಾಥಮಿಕ ವಿದ್ಯಾಭ್ಯಾಸದ ನಿಧಿಯಿಂದ ಉಪಾಹಾರದ ವೆಚ್ಚ ಮಾಡಲು ಸರ್ಕಾರ ಒಪ್ಪಲಿಲ್ಲ. ಹಣವಿತ್ತು, ಹಸಿದ ಮಕ್ಕಳೂ ಇದ್ದರು; ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಲಮು ಇರಲಿಲ್ಲ. ಅನ್ನ ವಿದ್ಯೆಯ ಖರ್ಚಲ್ಲವೆಂದು ಆಗಿನ ಅಧಿಕಾರಿಗಳ ಎಣಿಕೆ. ಐದು ಶಾಲೆಗಳ ಹಾಜರಿ ಪುಸ್ತಕ ಬೇರೆಯದನ್ನೇ ಹೇಳುತ್ತಿತ್ತು.

ಈ ತೊಡಕನ್ನು ಬಿಡಿಸಿದವರು ಕಾಮರಾಜರು. 1956ರಲ್ಲಿ ಮಧ್ಯಾಹ್ನದ ಊಟದ ಯೋಜನೆಯನ್ನು ಅವರು ಆರಂಭಿಸಿದ್ದು ಎಟ್ಟಯಪುರದಲ್ಲಿ; ಅಂದರೆ, ತ್ರಿಪ್ಲಿಕೇನಿನಲ್ಲಿ 1921ರಲ್ಲಿ ತೀರಿಕೊಂಡ ಕವಿ ಭಾರತಿಯ ಹುಟ್ಟೂರಿನಲ್ಲಿ. ಒಂದು ಊಟಕ್ಕೆ ಹತ್ತು ಪೈಸೆ. ಅದರಲ್ಲಿ ಆರು ಪೈಸೆ ಸರ್ಕಾರದ್ದು, ನಾಲ್ಕು ಪೈಸೆ ಊರವರದು. ಆ ನಾಲ್ಕು ಪೈಸೆಯಲ್ಲೇ ಯೋಜನೆಯ ಜೀವವಿತ್ತೆಂದು ನಾವು ಭಾವಿಸುತ್ತೇವೆ. ಪಾಲು ಕೊಟ್ಟವನಿಗೆ ಶಾಲೆ ತನ್ನದೆನಿಸುತ್ತದೆ. 1958ರಿಂದ ವಿದ್ಯಾ ಇಲಾಖೆಯ ನಿರ್ದೇಶಕ ಸುಂದರವಡಿವೇಲು ಅವರು ಶಾಲಾ ಅಭಿವೃದ್ಧಿ ಸಮ್ಮೇಳನಗಳನ್ನು ಏರ್ಪಡಿಸಿದಾಗ ಊರವರು ಕಟ್ಟಡ, ಬೆಂಚು, ಬಟ್ಟೆಬರೆಗಳನ್ನು ತಾವಾಗಿ ತಂದೊಪ್ಪಿಸಿದರು.

ಮುಂದಿನದನ್ನು ಬೇಗ ಹೇಳಬಹುದು. 1982ರಲ್ಲಿ ಎಂ.ಜಿ.ಆರ್. ಅವರು ಪೌಷ್ಟಿಕ ಆಹಾರ ಯೋಜನೆಯನ್ನು ಜಾರಿಗೆ ತಂದರು. 2001ರಲ್ಲಿ ಸುಪ್ರೀಂ ಕೋರ್ಟು ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೆಲ್ಲ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮ ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹವೂ 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯವೂ ಬಂದವು. ತಮಿಳುನಾಡಿನಲ್ಲಿ 2022ರಿಂದ ಬೆಳಗಿನ ತಿಂಡಿಯೂ ಸೇರಿದೆ. ಒಂದಾಣೆ ನೂರು ವರ್ಷದಲ್ಲಿ ಎರಡು ಹೊತ್ತಿನ ಅನ್ನವಾಯಿತು.

ಹಾಗಾದರೆ ನಮ್ಮಂಥವರ ನಾಲ್ಕು ಪೈಸೆಗೆ ಈಗ ಕೆಲಸವಿಲ್ಲವೆ? ಇದೆ, ಅದು ಬೇರೆ ರೂಪದಲ್ಲಿದೆ. ಶಾಲೆ ಬಿಟ್ಟ ಮೇಲೆ ಒಂದೇ ಕೋಣೆಯ ಮನೆಗೆ ಹೋಗುವ ಮಗುವಿಗೆ ಪುಸ್ತಕ ಬಿಚ್ಚಲು ಜಾಗವಿಲ್ಲ, ತಿಳಿಯದ ಲೆಕ್ಕವನ್ನು ಕೇಳಲು ಜನವಿಲ್ಲ. ಟ್ಯೂಷನ್ನಿಗೆ ಹಣ ತೆತ್ತವರ ಮಕ್ಕಳು ಮುಂದೆ ಹೋಗುತ್ತಾರೆ. ಇವರು ಹಿಂದೆ ಬೀಳುತ್ತಾರೆ. ಮುಂಬಯಿಯ ಕನ್ನಡಿಗರು ಇಂಥದೇ ಕೊರತೆಯನ್ನು ಕಂಡು, ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುತ್ತಿದ್ದ ಹುಡುಗರಿಗೆಂದು ರಾತ್ರಿ ಶಾಲೆಗಳನ್ನು ನಡೆಸಿದರು. ಅಲ್ಲಿ ಕಲಿತು ವಕೀಲರೂ ಅಧಿಕಾರಿಗಳೂ ಆದವರುಂಟು. ಪರಊರಿನಲ್ಲಿ ಕೂಲಿ ಮಾಡುತ್ತಲೇ ಅವರು ಅದನ್ನು ಸಾಧಿಸಿದರು.

ನಮ್ಮ ಸೂಚನೆ ಇಷ್ಟೆ. ವಾರಾನ್ನದ ಹಾಗೆ ವಾರಪಾಠವನ್ನು ಏಕೆ ನಡೆಸಬಾರದು? ಒಂದು ಶಾಲೆಯನ್ನು ಆರಿಸಿಕೊಂಡು, ಶಾಲೆಯವರ ಒಪ್ಪಿಗೆ ಪಡೆದು, ಕುಟುಂಬಕ್ಕೆ ವಾರದಲ್ಲಿ ಒಂದು ಸಂಜೆಯಂತೆ ಹಂಚಿಕೊಂಡರೆ ಯಾರಿಗೂ ಹೊರೆಯಲ್ಲ. ಲೆಕ್ಕವನ್ನೂ ಇಂಗ್ಲಿಷನ್ನೂ ಹೇಳಿಕೊಡಲು ಬ್ಯಾಂಕು, ಕಚೇರಿಗಳಲ್ಲಿರುವ ನಮಗೆ ಕಷ್ಟವಿಲ್ಲ. ನಮ್ಮ ತಮಿಳು ಎಡವಿದಲ್ಲಿ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ತಿದ್ದುತ್ತಾರೆ. ಆ ಶಾಲೆಯ ಮಕ್ಕಳು ಕನ್ನಡಿಗರೇ ಆಗಿರಬೇಕೆಂದು ಕೇಳುವವರಿದ್ದರೆ, ಒಂದು ಮಾತನ್ನು ನೆನಪಿಸುತ್ತೇವೆ. ಈ ನಗರದ ಕರ್ನಾಟಕ ಸಂಘದ ಶಾಲೆ ನಿಂತಿರುವುದು ತ್ಯಾಗರಾಯನಗರದಲ್ಲಿ. ಒಂದಾಣೆಯ ಉಪಾಹಾರಕ್ಕೆ ಮುಂದಾದ ಆ ಮಹನೀಯರ ಹೆಸರಿನ ಬಡಾವಣೆಯಲ್ಲಿ. ನಮ್ಮ ಮಕ್ಕಳಿಗೆ ನೆಲೆ ಕೊಟ್ಟ ಊರಿನ ಮಕ್ಕಳಿಗೆ ವಾರಕ್ಕೆ ಒಂದು ಸಂಜೆ ಕೊಡುವುದು ದಾನವಲ್ಲ, ಸಾಲದ ಒಂದು ಕಂತು.

ಸಂಘದ ಹಿರಿಯರು ಈ ನವೆಂಬರಿನಲ್ಲೇ ಇದನ್ನು ಆಲೋಚಿಸಬೇಕೆಂದು ಬಿನ್ನವಿಸುತ್ತೇವೆ. ಏಳು ಮನೆಗಳು ಮುಂದೆ ಬಂದರೆ ಕೆಲಸ ಆರಂಭಿಸಬಹುದು.